ಅವಳ ಬಲಗೈ, ನನ್ನ ಎಡಗೈ

ಥಪ್.

ಒದ್ದೆ ಟವೆಲ್ಲನ್ನು ಬಂಡೆಗೆ ಕುಕ್ಕಿದ ಹಾಗಿತ್ತು ಆ ಸದ್ದು. ಥಪ್, ಥಪ್, ನಡುವೆ ಒಂದು ಝುಂಯ್, ಡಬ್ಬಿಯೊಳಗೆ ಸಿಕ್ಕಿಬಿದ್ದ ನೊಣದಂತೆ. ಗಿಟಾರಿನ ಆರು ತಂತಿಗಳಲ್ಲಿ ಐದು ಸತ್ತು ಬಿದ್ದಿದ್ದವು, ಒಂದು ಮಾತ್ರ ನರಳುತ್ತಿತ್ತು. ಮೀಟಿದ್ದು ನನ್ನ ಗೆಳತಿಯ ಬಲಗೈ. ಕೊಂದದ್ದು ನನ್ನ ಎಡಗೈ.

“ಏ ಹುಡುಗಿ, ತಂತಿ ಒತ್ತು ಅಂದ್ರ ಗಿಟಾರಿನ ಕುತ್ತಿಗಿ ಹಿಸುಕಾಕತ್ತೀಯಲ್ಲ! ಏನ್ ಪಾಪ ಮಾಡ್ಯದ ಅದು ನಿಂಗ?” ಅಂದಳು.

ಎಪ್ಪತ್ತರ ಹೊಸ್ತಿಲಲ್ಲಿ ನಿಂತ ಹುಡುಗಿ ನಾನು. ಅವಳೂ ಅಷ್ಟೇ ವಯಸ್ಸಿನವಳು. ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನಮ್ಮಿಬ್ಬರ ಕಬ್ಬಿಣದ ಮಂಚಗಳು ಅಕ್ಕಪಕ್ಕ ಇದ್ದವು. ನಾನು ಜಹೀರಾಬಾದಿನವಳು, ಅವಳು ನಾರಾಯಣಖೇಡದವಳು. ಅಷ್ಟು ದೊಡ್ಡ ಡಾರ್ಮಿಟರಿಯಲ್ಲಿ ನಮ್ಮ ಕಡೆಯ ಕನ್ನಡ ಬಲ್ಲವರು ನಾವಿಬ್ಬರೇ. ಸಿಸ್ಟರ್‌ಗಳ ಮುಂದೆ ಇಂಗ್ಲಿಷ್, ಆಯಾಗಳ ಮುಂದೆ ಉರ್ದು, ಉಳಿದ ಹುಡುಗಿಯರ ಜೊತೆ ತೆಲುಗು. ದೀಪ ಆರಿದ ಮೇಲೆ ಬೆಡ್‌ಶೀಟಿನ ಕೆಳಗಿಂದ ಪಿಸುಗುಟ್ಟುವುದು ಮಾತ್ರ ಕನ್ನಡದಲ್ಲಿ. ಆಗ ಅವಳು ನನ್ನನ್ನು ಕರೆಯುತ್ತಿದ್ದದ್ದು ‘ಹುಡುಗಿ’ ಅಂತ. ಮದುವೆಯಾಗಿ, ಮಕ್ಕಳಾಗಿ, ಇಬ್ಬರ ತಲೆಯೂ ಬೆಳ್ಳಗಾದ ಮೇಲೂ ಅವಳು ಆ ಹೆಸರನ್ನು ಬದಲಾಯಿಸಲಿಲ್ಲ.

ಕಾನ್ವೆಂಟಿನಲ್ಲಿ ಗಿಟಾರ್ ಒಂದೇ ಒಂದಿತ್ತು, ಕ್ವಾಯರ್‌ಗೆ. ಅದು ಅವಳಿಗೆ ಒಲಿಯಿತು. ನಾನು ಪಕ್ಕದಲ್ಲಿ ನಿಂತು ಹಾಡಿನ ಪುಸ್ತಕದ ಹಾಳೆ ತಿರುವುತ್ತಿದ್ದೆ. ‘ಯು ಹ್ಯಾವ್ ಸಚ್ ಎ ಸ್ಟೆಡಿ ಹ್ಯಾಂಡ್’ ಎಂದು ಸಿಸ್ಟರ್ ನನ್ನನ್ನು ಹೊಗಳುತ್ತಿದ್ದರು. ಹಾಳೆ ತಿರುವುವವಳಿಗೆ ಹೇಳಲು ಬೇರೆ ಏನಿರುತ್ತದೆ? ನಾನು ಅವಳ ಎಡಗೈಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಬೆರಳುಗಳು ತಂತಿಗಳ ಮೇಲೆ ಗುಬ್ಬಿಗಳಂತೆ ಕೂತು ಎದ್ದು ಮತ್ತೆ ಬೇರೆ ಕಡೆ ಕೂರುತ್ತಿದ್ದವು. ಮೀಟುವ ಕೈ ಎಲ್ಲರಿಗೂ ಕಾಣುತ್ತದೆ. ಹಾಡು ಹುಟ್ಟುವುದು ಇನ್ನೊಂದು ಕೈಯಲ್ಲಿ ಎಂಬುದು ಹಾಳೆ ತಿರುವುವವಳಿಗೆ ಮಾತ್ರ ಗೊತ್ತು.

ಆ ಎಡಗೈ ಹೋದ ವರ್ಷ ಮಳೆಗಾಲದಲ್ಲಿ ಹೋಯಿತು. ಸ್ಟ್ರೋಕ್. ಕಾಲು ಸ್ವಲ್ಪ ಮರಳಿತು, ಮಾತು ಪೂರಾ ಮರಳಿತು, ಕೈ ಮಾತ್ರ ಮರಳಲಿಲ್ಲ. ಬೇರೆ ಯಾರದೋ ಸಾಮಾನನ್ನು ನೋಡಿಕೊಳ್ಳಲು ಕೊಟ್ಟು ಹೋದ ಹಾಗೆ ಅದು ಅವಳ ಮಡಿಲಲ್ಲಿ ಬಿದ್ದಿರುತ್ತಿತ್ತು.

ದೀಪಾವಳಿ ಮುಗಿದ ವಾರ ಫೋನ್ ಬಂತು. ಹಲೋ ಇಲ್ಲ, ಹೆಂಗದಿ ಇಲ್ಲ.

“ನನ್ನ ಎಡಗೈ ಹೋಗ್ಯದ. ನಿಂದು ಕೊಡ್ತಿ ಏನು?”

“ಏನ್ ಮಾಡ್ತೀ ನನ್ನ ಎಡಗೈ ತಗೊಂಡು?”

“ಮೊಮ್ಮಗಳ ಲಗ್ನ ಅದ, ಕ್ರಿಸ್‌ಮಸ್ ಆದ ಮ್ಯಾಲ, ತಾಂಡೂರಿನಾಗ. ನನ್ನ ಹಾಡು ನಾ ಬಾರಿಸಬೇಕು.”

ಯಾವ ಹಾಡೆಂದು ನನಗೆ ತಕ್ಷಣ ತಿಳಿಯಿತು. ಆ ಹಾಡು ಅವಳೇ ಕಟ್ಟಿದ್ದು. ತವರಿನ ಅಂಗಳದ ಮಲ್ಲಿಗೆ ಬಳ್ಳಿಗೆ ‘ಇನ್ನು ಮೇಲೆ ಯಾರು ನೀರು ಹಾಕುತ್ತಾರೆ’ ಎಂದು ಕೇಳುವ ಸರಳ ಹಾಡು. ಮಗಳ ಮದುವೆಯಲ್ಲಿ ಬಾರಿಸಿದಳು, ತಂಗಿಯರ ಮಕ್ಕಳ ಮದುವೆಗಳಲ್ಲಿ ಬಾರಿಸಿದಳು. ಅವರ ಮನೆತನದ ಹೆಣ್ಣುಮಕ್ಕಳು ಆ ಹಾಡು ಕೇಳದೆ ಗಂಡನ ಮನೆಗೆ ಹೋದದ್ದಿಲ್ಲ. ಈಗ ಮನೆಯವರು ಹೇಳಿದ್ದರಂತೆ: ಕೀಬೋರ್ಡಿನವರನ್ನು ಕರೆಸಿದ್ದೇವೆ, ನೀನು ಚೇರಿನಲ್ಲಿ ಕೂತು ಆಶೀರ್ವಾದ ಮಾಡು, ಸಾಕು.

“ಆಶೀರ್ವಾದ ಮಾಡೋ ಗೊಂಬಿ ಏನು ನಾನು?” ಅವಳ ದನಿ ಏರಿತು. “ಬಲಗೈ ಜೀವಂತ ಅದ. ದನಿ ಅದ. ಒಂದು ಕೈ ಕಮ್ಮಿ ಅದ, ಅಷ್ಟೇ. ನೀ ಬಾ.”

“ನಿಮ್ಮ ಚರ್ಚಿನಾಗ ಗಿಟಾರ್ ಬಲ್ಲ ಹುಡುಗ್ರು ಇಲ್ಲೇನು?”

“ಅದಾರ. ಅವರು ನನ್ನ ಬದಲಿ ಬಾರಿಸ್ತಾರ. ನಂಗ ಜೋಡಿ ಬೇಕು. ಅವರ ಕೈ ಒಂದು ಕಡಿ ನಿಲ್ಲಂಗಿಲ್ಲ. ನಿನ್ನ ಎಡಗೈ ನಿಲ್ತದ, ನೋಡೀನಿ ನಾ.”

ಎಲ್ಲಿ ನೋಡಿದ್ದಳು ಎಂದು ಕೇಳುವ ಮೊದಲೇ ಫೋನ್ ಇಟ್ಟಳು. ನಾನು ಅಡುಗೆಮನೆಯಲ್ಲಿ ನಿಂತವಳು ನಿಂತೇ ಇದ್ದೆ. ಸ್ಕೂಲ್ ಡ್ರಾಮಾದಲ್ಲಿ ಪಾರ್ಟ್ ಸಿಕ್ಕವಳಂತೆ. ಅರ್ಧ ಶತಮಾನ ಪುಸ್ತಕದ ಹಾಳೆ ತಿರುವಿದ ಮೇಲೆ ಗಿಟಾರ್ ಮುಟ್ಟು ಎಂದಿದ್ದಾಳೆ!

ನಮ್ಮ ಕಡೆ ಈಗ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆಧಾರ್ ತೋರಿಸಿದರೆ ಕಂಡಕ್ಟರ್ ಒಂದು ಸೊನ್ನೆ ಟಿಕೆಟ್ ಹರಿದು ಕೊಡುತ್ತಾನೆ. ಆ ಚಳಿಗಾಲವೆಲ್ಲ ನಾನು ರಾಯಿಕೋಡ್ ಮೇಲಿನಿಂದ ನಾರಾಯಣಖೇಡಕ್ಕೆ ಹೋಗಿ ಬಂದದ್ದು ಆ ಸೊನ್ನೆಗಳ ಮೇಲೆ. ಮೊದಲ ಸಲ ಹೋದದ್ದು ಮಂಗಳವಾರ. ಅವಳು ನನ್ನ ಕೈ ಎಳೆದು ಉಗುರು ನೋಡಿದಳು.

“ಇಷ್ಟುದ್ದ ಉಗುರು ಇಟ್ಕೊಂಡು ತಂತಿ ಹೆಂಗ ಒತ್ತತೀ? ಕತ್ತರಿ ತರ್ಲಿ?”

“ಮಂಗಳವಾರ ಉಗುರು ತೆಗಿಬಾರ್ದು.”

“ಓ ಮೈ ಗಾಡ್. ಕಾನ್ವೆಂಟಿನಾಗ ಓದಿ ಬಂದಾಕಿ!”

“ಕಾನ್ವೆಂಟ್ ಬ್ಯಾರೆ, ಮಂಗಳವಾರ ಬ್ಯಾರೆ.”

ಹಾಗಾಗಿ ಮೊದಲ ಪಾಠ ತಂತಿ ಒತ್ತದ ಪಾಠ. ನಾನು ಅವಳ ಎಡ ಮಗ್ಗುಲಿಗೆ ಅಂಟಿಕೊಂಡು ದೀವಾನದ ಮೇಲೆ ಕೂರುವುದು ಹೇಗೆಂದು ಕಲಿತೆ. ಗಿಟಾರಿನ ಹೊಟ್ಟೆ ಅವಳ ಬಲದೊಡೆಯ ಮೇಲೆ. ಅದರ ಉದ್ದ ಕುತ್ತಿಗೆ ಅವಳ ಎದೆ ದಾಟಿ ನನ್ನ ಎದೆಯ ಮುಂದೆ. ಅವಳ ಕೆಲಸವಿಲ್ಲದ ಎಡಗೈ ನಮ್ಮಿಬ್ಬರ ನಡುವೆ ಬೆಚ್ಚಗೆ. ನನ್ನ ಕೆಲಸವಿಲ್ಲದ ಬಲಗೈಯನ್ನು ಎಲ್ಲಿಡುವುದೋ ತಿಳಿಯದೆ ಅದರ ಮೇಲೆ ನಾನೇ ಕೂತೆ.

ಮರುದಿನ ಮನೆಯಲ್ಲಿ ಎಡಗೈ ಉಗುರುಗಳನ್ನು ಮಾತ್ರ ಮಾಂಸದವರೆಗೆ ಕತ್ತರಿಸಿದೆ. ಸೊಸೆ ನೋಡಿದಳು. ಅವಳು ಇಲ್ಲೇ ಸ್ಕೂಲಿನಲ್ಲಿ ಸೈನ್ಸ್ ಟೀಚರ್. ಯಾವುದನ್ನೂ ನೋಡದೆ ಬಿಡುವವಳಲ್ಲ.

“ಅತ್ತಿ, ಒಂದ ಕೈಯಿ ಉಗುರು ತೆಗ್ದೀರಿ?”

“ಹೌದವ್ವ, ಇನ್ನೊಂದು ಕೈ ನಂದು.”

“ಮತ್ತ ಇದು ಯಾರದ್ರೀ?”

“ಇದು ನಾರಾಯಣಖೇಡದ್ದು.”

ಅವಳು ಬಿದ್ದು ಬಿದ್ದು ನಕ್ಕಳು. ನಂತರ ಟಿಫಿನ್ ಬಾಕ್ಸ್ ಕಟ್ಟುವಾಗ ನನಗೂ ಒಂದು ಕಟ್ಟತೊಡಗಿದಳು. ‘ಟ್ಯೂಷನ್ನಿಗೆ ಹೊಂಟೀರಿ, ಡಬ್ಬಿ ಬ್ಯಾಡೇನ್ರಿ?’

ಇನ್ನು ಪಾಠ. ಕಾನ್ವೆಂಟಿನಲ್ಲಿ ಪಿಯಾನೋ ಕಲಿಸುವಾಗ ಸಿಸ್ಟರ್ ಹೆಬ್ಬೆರಳಿಗೆ ಒಂದನೇ ನಂಬರ್ ಕೊಟ್ಟಿದ್ದರು. ಗಿಟಾರಿನಲ್ಲಿ ತೋರುಬೆರಳು ಒಂದು, ನಡುಬೆರಳು ಎರಡು, ಉಂಗುರಬೆರಳು ಮೂರು, ಕಿರುಬೆರಳು ನಾಲ್ಕು. ಹೆಬ್ಬೆರಳಿಗೆ ನಂಬರೇ ಇಲ್ಲ. ಅದು ಕುತ್ತಿಗೆಯ ಹಿಂದೆ, ಯಾರಿಗೂ ಕಾಣದ ಹಾಗೆ, ಉಳಿದವರಿಗೆ ಆಸರೆಯಾಗಿ ನಿಲ್ಲಬೇಕು. “ಅತ್ತಿ ಆದ ಮ್ಯಾಲ ನಾವು ಇರ್ತೀವಲ್ಲ, ಹಂಗ,” ಅಂದಳು.

ಕುತ್ತಿಗೆಯ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳಿರುತ್ತವೆ. ಅವೇ ಫ್ರೆಟ್. ನಾನು ಆ ಗೆರೆಯ ಮೇಲೆಯೇ ಬೆರಳಿಟ್ಟು ಒತ್ತುತ್ತಿದ್ದೆ, ತಂತಿ ‘ಝುಂಯ್’ ಎನ್ನುತ್ತಿತ್ತು. ಗೆರೆಯಿಂದ ತೀರಾ ದೂರ ಒತ್ತಿದರೂ ಅದೇ ಗೋಳು.

“ಹೊಸ್ತಿಲ ತುಳಿತಾರೇನು ಯಾರಾರ?”

“ಇಲ್ಲ.”

“ಮತ್ತ? ಫ್ರೆಟ್ ಅಂದ್ರ ಹೊಸ್ತಿಲ. ಅದರ ಮ್ಯಾಲ ಕಾಲಿಡಬ್ಯಾಡ. ಅದಕ್ಕ ಅಂಟಿ, ಈ ಕಡಿ ನಿಲ್ಲು.”

ಅದೊಂದು ಮಾತಿಗೆ ಝುಂಯ್ ಹೋಯಿತು. ನನಗೆ ಆದ ಖುಷಿ ಹೇಳತೀರದು. ಬಸ್ಸಿನಲ್ಲಿ ಬರುವಾಗ ಸೀಟಿನ ಕಂಬಿ, ಛತ್ರಿಯ ಹಿಡಿ, ಕೈಗೆ ಸಿಕ್ಕಿದ್ದರ ಮೇಲೆಲ್ಲ ಬೆರಳಿಟ್ಟು ನೋಡುತ್ತಿದ್ದೆ.

ಗಿಟಾರನ್ನು ಮನೆಗೆ ತರುವ ಹಾಗಿರಲಿಲ್ಲ. ಅದು ಅವಳ ಮಂಚದ ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಅವಳಿಗೆ ನಿದ್ದೆ ಬರದು. ಹಾಗಾದರೆ ಮನೆಯಲ್ಲಿ ಪ್ರಾಕ್ಟೀಸ್ ಯಾವುದರ ಮೇಲೆ? ಹಿಟ್ಟು ಲಟ್ಟಿಸುವ ಕೋಲು ಹಿಡಿದು ನೋಡಿದೆ, ಗಿಡ್ಡ. ಪೊರಕೆಯ ಹಿಡಿ ಹಿಡಿದೆ, ಸೊಸೆ ಕಸಿದುಕೊಂಡಳು. ಆಗ ಹೊಲದಿಂದ ಬಂದು ಅಂಗಳದಲ್ಲಿ ಒರಗಿಸಿಟ್ಟ ಕಬ್ಬು ಕಣ್ಣಿಗೆ ಬಿತ್ತು. ಕಟಾವಿನ ಕಾಲ. ಜಹೀರಾಬಾದಿನಲ್ಲಿ ಆಗ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ಹೈವೇ ತುಂಬಾ ನಿಂತಿರುತ್ತವೆ. ಕಬ್ಬಿನ ಗಿಣ್ಣು ನೋಡಿ ನಾನು ಕಿರುಚಿಯೇ ಬಿಟ್ಟೆ. ಫ್ರೆಟ್! ಬುಡದ ಕಡೆ ಗಿಣ್ಣುಗಳು ದೂರದೂರ, ತುದಿಯ ಕಡೆ ಹತ್ತಿರ ಹತ್ತಿರ. ಗಿಟಾರಿನಲ್ಲೂ ಹಾಗೇ, ಹೊಟ್ಟೆಯ ಕಡೆ ಹೋದ ಹಾಗೆ ಫ್ರೆಟ್‌ಗಳು ಒತ್ತೊತ್ತಾಗುತ್ತವೆ. ತುದಿಯ ಕಡೆಯ ತುಂಡು ಕಡಿಸಿ ಅದರ ಉದ್ದಕ್ಕೂ ಆರು ದಾರ ಬಿಗಿದೆ. ಗಿಟಾರಿನ ಕುತ್ತಿಗೆಗಿಂತ ಸಪೂರ, ಆದರೂ ಬೆರಳುಗಳಿಗೆ ಮನೆ ಗೊತ್ತಾಗಲು ಸಾಕು. ಸ್ವರಗುಂಪುಗಳಲ್ಲಿ ಸುಲಭದ್ದು ಇ ಮೈನರ್: ಎರಡನೇ ಬೆರಳು, ಮೂರನೇ ಬೆರಳು, ಎರಡೂ ಎರಡನೇ ಮನೆಯಲ್ಲಿ, ಅಕ್ಕಪಕ್ಕದ ತಂತಿಗಳ ಮೇಲೆ, ನಮ್ಮ ಬೋರ್ಡಿಂಗಿನ ಮಂಚಗಳಂತೆ. ಜಿ ಎಂದರೆ ಬೆರಳುಗಳು ಎರಡೂ ದಂಡೆಗೆ ಚಾಚಬೇಕು. ಸಿ ಎಂದರೆ ಮೂರು ಮೆಟ್ಟಿಲು. ಡಿ ಎಂದರೆ ಕೆಳಗಿನ ಮೂರು ತಂತಿಗಳ ಮೇಲೆ ಮೂರು ಬೆರಳು ಒಲೆಯ ಮೂರು ಕಲ್ಲಿನಂತೆ ಗುಂಪಾಗಿ ಕೂರಬೇಕು. ಅವಳ ಹಾಡಿಗೆ ಈ ನಾಲ್ಕೇ ಸಾಕು. ‘ಎಫ್ ಬೇಡ, ಒಂದೇ ಬೆರಳಲ್ಲಿ ಆರೂ ತಂತಿ ಒತ್ತಬೇಕು, ಅದು ನಮ್ಮ ವಯಸ್ಸಿನವರಿಗೆ ಅಲ್ಲ’ ಎಂದು ಅವಳು ಮೊದಲೇ ಹೇಳಿದ್ದಳು.

ಸಂಜೆ ಸ್ಕೂಲಿನಿಂದ ಬಂದ ಮೊಮ್ಮಗಳು ನನ್ನ ಗಿಟಾರಿನ ದಾರ ಬಿಚ್ಚಿ ಹಲ್ಲಿನಿಂದ ಸಿಪ್ಪೆ ಸುಲಿದಳು.

“ಅಜ್ಜಿ, ನಿನ್ನ ಗಿಟಾರ್ ಸಪ್ಪಗದ.”

“ತುದಿ ಕಬ್ಬು ಸಪ್ಪಗೇ ಇರ್ತದ. ನಾಳಿಗಿ ಬುಡದ್ದು ತಿನ್ನು, ನನ್ನ ಇನ್ಸ್‌ಟ್ರುಮೆಂಟ್ ಬಿಡು.”

ಎಷ್ಟು ಗಿಟಾರುಗಳು ಹೀಗೆ ಹೊಟ್ಟೆಗೆ ಹೋದವೋ!

ಕಬ್ಬಿನ ಮೇಲೆ ನಾನು ಶೂರೆ. ಕಬ್ಬು ಸದ್ದು ಮಾಡುವುದಿಲ್ಲವಲ್ಲ. ನಾರಾಯಣಖೇಡಕ್ಕೆ ಹೋಗಿ ನಿಜವಾದ ತಂತಿಗಳ ಮೇಲೆ ಅದೇ ಬೆರಳುಗಳನ್ನು ಅದೇ ಮನೆಗಳಲ್ಲಿ ಇಟ್ಟೆ. ಅವಳು ಮೀಟಿದಳು. ಥಪ್. ಬೆರಳುಗಳ ಜಾಗ ಸರಿ, ಆದರೆ ಪ್ರತಿ ಬೆರಳೂ ಮಲಗಿ ಪಕ್ಕದ ತಂತಿಯ ಉಸಿರು ಕಟ್ಟಿಸುತ್ತಿತ್ತು. ವಾರಗಳು ಹೀಗೇ ಹೋದವು. ಕ್ರಿಸ್‌ಮಸ್‌ಗೆ ಮನೆಮನೆಯ ಮೇಲೂ ಕಾಗದದ ನಕ್ಷತ್ರ ತೂಗುಬಿದ್ದವು, ನಾನಿನ್ನೂ ಥಪ್‌ನಲ್ಲೇ ಇದ್ದೆ.

ಅವಳ ಮಗಳು ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದಳು. ಮದುಮಗಳ ತಾಯಿ, ಲಗ್ನದ ಭಾರವೆಲ್ಲ ಅವಳ ತಲೆಯ ಮೇಲೆ. ಕಣ್ಣ ಕೆಳಗೆ ಕಪ್ಪಾಗಿತ್ತು.

“ಆಂಟಿ, ತಪ್ಪ ತಿಳ್ಕೋಬ್ಯಾಡ್ರಿ. ಎಲ್ಲಾರ ಮುಂದ ಇದು ಕೆಟ್ಟು ಹೋದ್ರ ಮಮ್ಮಿ ಮತ್ತ ಗಿಟಾರ್ ಮುಟ್ಟಂಗಿಲ್ಲ. ಗಿಟಾರ್ ಬಿಟ್ರ ಆಕಿ ಎದ್ದು ಕೂಡಂಗಿಲ್ಲ. ಡಾಕ್ಟರು ಹೇಳಿದ್ದು ಯಾವುದೂ ಮಾಡಂಗಿಲ್ಲ, ಈ ಹಾಡಿನ ಸಲುವಾಗಿ ಅಷ್ಟೇ ದಿನಾ ಎದ್ದು ಕೂಡತಾಳ. ನೀವ ಆಕಿಗಿ ಹೇಳ್ರಿ, ಬ್ಯಾಡ ಅಂತ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಒಳಗೆ ಬಂದು ಕೂತೆ. ಗೆಳತಿ ನನ್ನ ಮುಖ ನೋಡಿದಳು.

“ಬ್ಯಾಡ ಅನ್ನಾಕ ಹೇಳ್ಯಾಳ ಹೌದಿಲ್ಲೋ?”

“ಹೂಂ.”

“ನೀ ಅಂತಿ ಏನು?”

“ನನ್ನ ಕೈಯಾಗ ಏನೋ ಖರಾಬ್ ಅದ. ಬೆರಳು ಸರಿ ಇಡತೀನಿ, ಆದ್ರೂ ಸಾಯ್ತಾವ.”

ಅವಳು ಗಿಟಾರನ್ನು ಪಕ್ಕಕ್ಕೆ ಸರಿಸಿದಳು. ತನ್ನ ಬಲಗೈಯಿಂದ ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದಳು, ಡಾಕ್ಟರ್ ನೋಡಿದ ಹಾಗೆ. ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ಕೆಳಗೆ, ಕೆಂಪು ಗೆರೆಯೊಂದು ಅಚ್ಚಾಗಿತ್ತು. ಗಿಟಾರಿನ ಕುತ್ತಿಗೆಯ ಅಂಚು ಒತ್ತಿದ ಗುರುತು.

“ಇದೇನು? ಅಂಗೈಯಾಗ ಯಾಕ ಹೊತ್ಕೊಂಡೀದಿ ಅದನ್ನ?”

“ಬಿದ್ದೀತು ಅಂತ.”

“ನನ್ನ ತೊಡಿ ಮ್ಯಾಲ ಕುಂತದ ಅದು. ಹೆಂಗ ಬೀಳ್ತದ?”

ಉತ್ತರ ಹುಡುಕಬೇಕಾದ್ದೇ ಇರಲಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಎಳೆಯ ವಯಸ್ಸಿನಿಂದ ಬೆಳಿಗ್ಗೆ ಸ್ನಾನ ಮಾಡಿ ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದವಳು. ಬಲಗೈ ನೀರೆರೆಯುತ್ತದೆ, ವಿಭೂತಿ ಹಚ್ಚುತ್ತದೆ, ಹೂವಿಡುತ್ತದೆ. ಎಡಗೈಗೆ ಒಂದೇ ಕೆಲಸ: ಬೀಳಿಸಬಾರದು. ನನ್ನ ಅಜ್ಜಿ ನನಗೆ ಮಾತಿಗಿಂತ ಮೊದಲು ಕಲಿಸಿದ್ದು ಅದನ್ನೇ. ಬೆಲೆಯುಳ್ಳ ವಸ್ತು ಯಾವುದೇ ಎಡಗೈಗೆ ಬಂದರೂ ನನ್ನ ಅಂಗೈ ತಾನಾಗಿ ಕೆಳಗೆ ಹೋಗಿ ಪೀಠವಾಗಿ ಕೂರುತ್ತದೆ. ಗಿಟಾರಿನ ಕುತ್ತಿಗೆಯನ್ನೂ ಅದು ಹಾಗೇ ಹೊತ್ತುಕೊಂಡಿತ್ತು. ಅಂಗೈ ತುಂಬಿದರೆ ಬೆರಳು ಮಡಚುವುದೆಲ್ಲಿ? ಚಪ್ಪಟೆಯಾಗಿ ಮಲಗದೆ ಇನ್ನೇನು ಮಾಡೀತು?

ಹೇಳಿದೆ. ಅವಳು ಹೊಳೆಯುವ ಕಣ್ಣಿನಿಂದ ನನ್ನ ಕಡೆ ತಿರುಗಿದಳು.

“ಬೋರ್ಡಿಂಗಿನಾಗ ಮುಂಜಾನಿ ಬೆಲ್ಲಿಗಿಂತ ಮೊದ್ಲ ಎದ್ದು ಮಂಚದ ಮ್ಯಾಲ ಪೂಜಿ ಮಾಡ್ತಿದ್ದಿ, ನೆನಪದ? ನಾ ರಿಬ್ಬನ್ ಕಟ್ಕೋತ ನೋಡ್ತಿದ್ದೆ. ಒಂದು ದಿನ ಬಾತ್‌ರೂಮಿನಾಗ ಯಾರೋ ತುಂಬಿದ ಬಕೀಟ್ ಕೆಡವಿದ್ರು. ಡಾರ್ಮಿಟರಿ ಎಲ್ಲಾ ಚೀರಿ ಎದ್ದು ಕುಂತ್ರು. ನಿನ್ನ ಕಣ್ಣು ಸೈತ ಹೊಳ್ಳಿ ನೋಡ್ತು. ಎಡಗೈ ಅಳ್ಳಾಡಲಿಲ್ಲ. ಆ ಕೈ ಬೇಕು ಅಂದೀನಿ ನಾ, ಈ ಹಿಸುಕೋ ಕೈ ಅಲ್ಲ.”

ನನಗೆ ಆ ಬಕೀಟಿನ ನೆನಪೇ ಇರಲಿಲ್ಲ. ನನ್ನ ಕೈಯನ್ನು ಅವಳು ನನಗಿಂತ ಚೆನ್ನಾಗಿ ಜೋಪಾನ ಮಾಡಿಟ್ಟುಕೊಂಡಿದ್ದಳು.

“ಮುಂಜಾನಿ ಕುಂತಂಗ ಕುಂದರು,” ಅಂದಳು. “ಲಿಂಗ ತೆಗಿಬ್ಯಾಡ, ಕೈ ಅಷ್ಟ ಹಿಡಿ. ಅದ ಅಂತ ತಿಳಿ.”

ಹಿಡಿದೆ. ಅಂಗೈ ತಾನಾಗಿ ಬಟ್ಟಲಾಯಿತು. ಬೆರಳುಗಳು ಒಳಗೆ ಬಾಗಿದವು, ಹೆಬ್ಬೆರಳು ಸಡಿಲವಾಗಿ ಎದ್ದು ನಿಂತಿತು, ಮಣಿಕಟ್ಟು ಹಗುರಾಯಿತು.

“ಈಗ ಅಲ್ಲಿ ಜಾಗ ಇಲ್ಲ, ಹೌದಿಲ್ಲೋ? ಅಲ್ಲಿ ಲಿಂಗ ಅದ. ಗಿಟಾರ್ ಅದಕ್ಕ ತಗಲಬಾರ್ದು. ಹೊರಗಿಂದ ಹೊರಗ, ಬೆರಳಿನ ತುದೀಗಷ್ಟೇ ಬರಬೇಕು.”

ಅವಳು ಬಲಗೈಯಿಂದ ಗಿಟಾರನ್ನು ಎಳೆದುಕೊಂಡು ಕುತ್ತಿಗೆಯನ್ನು ನಿಧಾನವಾಗಿ ನನ್ನ ಹೆಬ್ಬೆರಳಿಗೂ ಬೆರಳ ತುದಿಗಳಿಗೂ ನಡುವೆ ತಂದು ನಿಲ್ಲಿಸಿದಳು. ಅಂಗೈ ಕೆಳಗೆ ಖಾಲಿ ಉಳಿಯಿತು. ಖಾಲಿಯಲ್ಲ, ತುಂಬಿತ್ತು. ಅದನ್ನು ಮುಟ್ಟಿಸಬಾರದು ಎಂಬ ಎಚ್ಚರದಲ್ಲಿ ಬೆರಳುಗಳು ನೆಟ್ಟಗೆ ಮೇಲಿನಿಂದ ಇಳಿದವು, ತುದಿಗಾಲಿನ ಮೇಲೆ ನಿಂತ ಹಾಗೆ. ಇ ಮೈನರ್. ಎರಡು, ಮೂರು.

ಅವಳು ಮೀಟಿದಳು.

ಆರು ತಂತಿಗಳೂ ಹಾಡಿದವು! ಆರೂ! ಒಂದೊಂದಾಗಿ, ಮೇಲಿನಿಂದ ಕೆಳಗೆ, ಯಾವುದೂ ಸಾಯದೆ. ಆ ಸ್ವರ ಗಿಟಾರಿನ ಹೊಟ್ಟೆಯಿಂದ ಮರದ ಕುತ್ತಿಗೆಯಲ್ಲಿ ಹರಿದು ನನ್ನ ಹೆಬ್ಬೆರಳಿಗೆ ಬಂತು. ದೂರದ ರೈಲು ಹಳಿಯಲ್ಲಿ ಮೊದಲು ಗೊತ್ತಾಗುವ ಹಾಗೆ. ನಾನು ಕೂಗಿದೆ. ಅವಳು ಕೂಗಿದಳು. ಮಗಳು ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು, ಮತ್ತೇನೋ ಆಯಿತೆಂದು.

“ಏನಾತು ಮಮ್ಮಿ?”

“ಏನಾಗಿಲ್ಲ. ಎಡಗೈ ಬಂತು.”

ಮಗಳು ಒಂದು ಕ್ಷಣ ಅವಳ ಮಡಿಲಿನ ಕೈಯನ್ನೇ ನೋಡಿದಳು ಪಾಪ. ಆಮೇಲೆ ನನ್ನದನ್ನು.

ಅಲ್ಲಿಂದ ಮುಂದಿನ ದಿನಗಳು ಹಬ್ಬ. ಜಿ ಒಲಿಯಿತು, ಡಿ ಒಲಿಯಿತು, ಸಿ ತುಸು ಗೋಳು ಹೊಯ್ದುಕೊಂಡು ಒಲಿಯಿತು. ಒಂದು ಸ್ವರಗುಂಪಿನಿಂದ ಇನ್ನೊಂದಕ್ಕೆ ಹಾರುವುದೇ ಈಗಿನ ಕಷ್ಟ. ನಾನು ಒಂದೊಂದೇ ಬೆರಳು ಎತ್ತಿ ಇಡುತ್ತಿದ್ದೆ. ಅಷ್ಟರಲ್ಲಿ ಅವಳ ಬಲಗೈ ಮುಂದಿನ ಸಾಲಿಗೆ ಹೋಗಿರುತ್ತಿತ್ತು. ‘ಬಸ್ ಬಿಟ್ಟ ಮೇಲೆ ಓಡಿ ಬರ್ತಿ’ ಎಂದು ಬೈಯುತ್ತಿದ್ದಳು. ಆಮೇಲೆ ಒಂದು ದಿನ ನನಗೆ ಗೊತ್ತಾಯಿತು, ಪ್ರತಿ ಬದಲಾವಣೆಗೆ ಮುಂಚೆ ಅವಳು ಸಣ್ಣಗೆ ಉಸಿರೆಳೆಯುತ್ತಾಳೆ. ಅವಳ ಭುಜ ನನ್ನ ಭುಜಕ್ಕೆ ತಾಗಿಯೇ ಇತ್ತಲ್ಲ. ಆ ಉಸಿರು ಏರಿದಾಗ ನನ್ನ ಬೆರಳುಗಳು ಏಳುವುದು, ಇಳಿದಾಗ ಇಳಿಯುವುದು. ನಾನು ಕಿವಿಯಿಂದ ಕೇಳುವುದನ್ನೇ ಬಿಟ್ಟೆ. ಭುಜದಿಂದ ಕೇಳಿದೆ. ಇಷ್ಟು ದಿನ ನಾನು ಮೇಲೆ ಕೂರುತ್ತಿದ್ದ ಬಲಗೈ ಕೂಡ ಕೊನೆಗೆ ಕೆಲಸ ಕಂಡುಕೊಂಡಿತು. ಹಿಂದಿನಿಂದ ಅವಳ ಬೆನ್ನು ಬಳಸಿ ಹಿಡಿಯಿತು, ಅವಳು ಎಡಕ್ಕೆ ವಾಲದ ಹಾಗೆ.

ಮನೆಯಲ್ಲಿ ಬೆಳಿಗ್ಗೆ ಪೂಜೆಗೆ ಕೂತರೆ ಒಂದು ವಿಚಿತ್ರ. ಉಕ್ಕಿನ ತಂತಿ ಒತ್ತಿ ಒತ್ತಿ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ನೀರಿನ ತಂಪು ಅವಕ್ಕೆ ತಿಳಿಯುತ್ತಿರಲಿಲ್ಲ. ಅಂಗೈಗೆ ಮಾತ್ರ ಲಿಂಗದ ತಂಪು ಮೊದಲಿನ ಹಾಗೇ ತಿಳಿಯುತ್ತಿತ್ತು, ಇನ್ನೂ ಹೆಚ್ಚಾಗಿ ಎನ್ನಬೇಕು. ಇದು ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಲಿಲ್ಲ. ಅಜ್ಜಿ ಇದ್ದಿದ್ದರೆ ಕೇಳುತ್ತಿದ್ದೆ. ಅವಳು ‘ಬೀಳಿಸಲಿಲ್ಲ ಹೌದಿಲ್ಲೋ’ ಎಂದಷ್ಟೇ ಕೇಳುತ್ತಿದ್ದಳು ಎಂದು ನನ್ನ ಗುಮಾನಿ.

ಮದುವೆಗೆ ಹಿಂದಿನ ಭಾನುವಾರ ನಾವು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಬಾರಿಸಿದೆವು. ಮಗಳು ಬಾಗಿಲಿಗೆ ಒರಗಿ ಕೇಳಿದಳು. ಮುಗಿದ ಮೇಲೆ ಹೊಗಳಲೂ ಇಲ್ಲ, ಅಳಲೂ ಇಲ್ಲ.

“ಮಮ್ಮಿ, ಎರಡನೇ ಸಾಲು ಜರಾ ಸಾವಕಾಶ ಬಾರಿಸ್ರಿ. ಆಂಟಿಗಿ ಓಡಾಕ ಆಗಂಗಿಲ್ಲ,” ಎಂದಳು.

ಕೀಬೋರ್ಡಿನವರಿಗೆ ಅವಳು ಆ ಸಂಜೆಯೇ ಫೋನ್ ಮಾಡಿ, ‘ಆ ಒಂದು ಹಾಡು ಬಿಡಿ’ ಅಂದಳಂತೆ.

ತಾಂಡೂರಿನ ಚರ್ಚಿನ ಪಕ್ಕದ ಹಾಲ್. ಕೆಳಗೆ ಆ ಊರಿನದೇ ನೀಲಿ ಬಂಡೆಯ ನೆಲ, ಕಾಲಿಗೆ ತಣ್ಣಗೆ. ಯಾಲಾಲ್ ಕಡೆಯ ಗಂಡಿನ ನೆಂಟರು ಎರಡೆರಡು, ಮೂರು ಮೂರು ಜನ ಬೈಕುಗಳ ಮೇಲೆ ಬಂದಿಳಿದಿದ್ದರು. ಬಿರಿಯಾನಿಯ ವಾಸನೆಗೆ ಹಾಲಿನ ಅರ್ಧ ಜನ ಆಗಲೇ ಬಾಗಿಲ ಕಡೆ ಮುಖ ಮಾಡಿದ್ದರು. ನಮ್ಮಿಬ್ಬರನ್ನೂ ಸ್ಟೇಜಿನ ಮೇಲಿನ ಸೋಫಾದಲ್ಲಿ ಕೂರಿಸಿದರು, ಒಬ್ಬಳು ಬಿಳಿ ಸೀರೆ, ಒಬ್ಬಳು ಇಳಕಲ್ ಸೀರೆ, ನಡುವೆ ಒಂದು ಗಿಟಾರ್. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು:

“ನೋಡವ್ವ, ಒಂದ್ ಗಿಟಾರಿಗಿ ಇಬ್ರು ಮುದುಕ್ಯಾರು!”

“ಸುಮ್ನಿರು, ಮಿಕ್ಸಿಂಗ್ ಅಂತಾರ ಅದಕ್ಕ,” ಅಂದಳು ಪಕ್ಕದವಳು.

ನನಗೆ ನಗು ಬಂತು, ನಗುವಿನ ಹಿಂದೆಯೇ ಹೆದರಿಕೆ ಬಂತು. ಮೈಕು, ಫೋನುಗಳನ್ನು ಎತ್ತಿ ಹಿಡಿದ ಕೈಗಳು, ಮದುಮಗಳ ಬಿಳಿ ವೇಲು, ತೊಟ್ಟಿಲಿನಿಂದ ತಾನು ಎತ್ತಿ ಆಡಿಸಿದ ಆ ಹುಡುಗಿಯ ಕಡೆ ನೋಡುತ್ತಿದ್ದ ನನ್ನ ಗೆಳತಿ. ಜಿ ಹಿಡಿದೆ. ಅವಳು ಮೀಟಿದಳು.

ಥಪ್.

ಮೈಕಿನಲ್ಲಿ ಆ ಸದ್ದು ಹಾಲಿನ ಕೊನೆಯವರೆಗೂ ಹೋಯಿತು. ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಅಂಗೈ ಮತ್ತೆ ಕುತ್ತಿಗೆಯನ್ನು ಹೊತ್ತುಕೊಂಡಿತ್ತು, ಹೆದರಿಕೆಗೆ. ಅವಳು ನಿಲ್ಲಿಸಲಿಲ್ಲ. ತಂತಿಗಳನ್ನು ಬಿಟ್ಟು ಗಿಟಾರಿನ ಹೊಟ್ಟೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದಳು, ಮೊದಲಿನಿಂದಲೂ ಹೀಗೇ ಶುರುವಾಗಬೇಕಿತ್ತು ಎಂಬಂತೆ. ತುಟಿ ಅಲ್ಲಾಡಿಸದೆ ನನಗೆ ಅಂದಳು:

“ಬಕೀಟ್ ಬಿದ್ದದ, ಅಷ್ಟೇ. ನೀ ಪೂಜಿ ಮಾಡು.”

ನಾನು ಕಣ್ಣು ಮುಚ್ಚಿದೆ. ಅಂಗೈಯನ್ನು ಬಿಡಿಸಿಕೊಂಡೆ. ಅಲ್ಲಿ ಇರಬೇಕಾದದ್ದು ಬಂದು ಕೂತಿತು. ಬೆರಳುಗಳು ಮೇಲಿನಿಂದ ಇಳಿದವು. ಅವಳ ಭುಜದಲ್ಲಿ ಉಸಿರು ಏರಿತು, ಇಳಿಯಿತು.

ಜಿ ಹೊರಟಿತು, ಶುಭ್ರವಾಗಿ, ತುಂಬಿಕೊಂಡು. ಅವಳು ಹಾಡಿದಳು. ದನಿ ಮೊದಲಿನಂತಿರಲಿಲ್ಲ, ಅಲ್ಲಲ್ಲಿ ಎಳೆ ಬಿಡುತ್ತಿತ್ತು. ಆ ಬಿಟ್ಟ ಎಳೆಗಳಲ್ಲಿ ನಮ್ಮ ನಾಲ್ಕು ಸ್ವರಗುಂಪುಗಳು ಹೋಗಿ ನಿಲ್ಲುತ್ತಿದ್ದವು. ಮಲ್ಲಿಗೆ ಬಳ್ಳಿಗೆ ಯಾರು ನೀರು ಹಾಕುತ್ತಾರೆ ಎಂಬ ಸಾಲಿಗೆ ಸಿ ಬರಬೇಕು. ಅದೇ ನನ್ನ ವೈರಿ. ಉಸಿರು ಏರಿತು. ಮೂರು ಬೆರಳೂ ಒಟ್ಟಿಗೆ ಎದ್ದವು, ಒಟ್ಟಿಗೆ ಇಳಿದವು, ಕಾನ್ವೆಂಟಿನ ಗುಬ್ಬಿಗಳ ಹಾಗೆಯೇ. ನಾನು ಕಣ್ಣು ಬಿಟ್ಟು ಕೈಯನ್ನು ನೋಡಿದೆ. ಅದು ನನ್ನ ಕೈಯೇ ಅಲ್ಲ ಅನ್ನಿಸಿತು, ಹಾಳೆ ತಿರುವುತ್ತಾ ಪಕ್ಕದಲ್ಲಿ ನಿಂತು ಮತ್ತೆ ಅವಳದನ್ನೇ ನೋಡುತ್ತಿದ್ದೇನೆ ಅನ್ನಿಸಿತು.

ಮುಗಿದಾಗ ಮದುಮಗಳು ವೇಲು ಎತ್ತಿಕೊಂಡು ಓಡಿ ಬಂದು ಅಜ್ಜಿಯ ಮಡಿಲಿನಲ್ಲಿ ಮುಖವಿಟ್ಟಳು. ಬಿರಿಯಾನಿಗೆ ಎದ್ದವರೂ ಕೂತರು. “ಇನ್ನೊಮ್ಮೆ ಬಾರಿಸ್ರಿ!” ಎಂದು ಯಾಲಾಲಿನವರು ಕೂಗಿದರು. ನನ್ನ ಗೆಳತಿ ಮೈಕಿಗೆ ಬಾಗಿ, “ಎಡಗೈಗಿ ಹಸಿವಾಗ್ಯದ್ರಿ,” ಅಂದಳು. ಹಾಲ್ ಹಾರಿ ಹೋಗುವಂತೆ ನಕ್ಕರು.

ಬೇಸಿಗೆ ಏರುವ ಮುಂಚೆ, ತಾಂಡೂರಿನ ನೆಂಟರ ಮನೆಯಲ್ಲೇ, ಅವಳು ಹೋದಳು. ನಿದ್ದೆಯಲ್ಲಿ, ಮಂಚದ ಪಕ್ಕದಲ್ಲಿ ಗಿಟಾರ್ ಇಟ್ಟುಕೊಂಡು. ಸುದ್ದಿ ಬಂದಾಗ ನಾನು ವೈರಲ್ ಜ್ವರದಲ್ಲಿ ಬಿದ್ದಿದ್ದೆ, ಹೋಗಲಾಗಲಿಲ್ಲ. ಆದ್ದರಿಂದ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಮದುವೆಯ ಮರುದಿನ ಬೆಳಿಗ್ಗೆ, ತಾಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ.

ಅವಳು ಇನ್ನಷ್ಟು ದಿನ ಅಲ್ಲೇ ನೆಂಟರ ಮನೆಯಲ್ಲಿ ಇರುವವಳಿದ್ದಳು. ಬೇಡವೆಂದರೂ ಕೇಳದೆ ನನ್ನನ್ನು ಕಳಿಸಲು ಆಟೋದಲ್ಲಿ ಬಂದಳು. ಇಳಿಯಲು ಆಗುವುದಿಲ್ಲ, ಆಟೋದಲ್ಲೇ ಕೂತಿದ್ದಳು. ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಸೀಟು ಹಿಡಿದೆ. ಡ್ರೈವರ್ ಇಂಜಿನ್ ಶುರು ಮಾಡಿದ. ಅವಳು ಆಟೋದಿಂದ ಬಲಗೈ ಹೊರಗೆ ಚಾಚಿದಳು. ಟಾಟಾ ಮಾಡುತ್ತಾಳೆ ಎಂದುಕೊಂಡೆ. ಮಾಡಲಿಲ್ಲ. ಗಾಳಿಯಲ್ಲಿ ಮೀಟಿದಳು, ಕೆಳಗೆ, ಮೇಲೆ, ಕೆಳಗೆ.

ನನ್ನ ಎಡಗೈ ಕಿಟಕಿಯ ಸರಳಿನ ಮೇಲಿತ್ತು. ನಾನು ಹೇಳದೆಯೇ ಬೆರಳುಗಳು ಬಾಗಿ ಸಿ ಹಿಡಿದವು.

ಅವಳು ನೋಡಿ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಅವಳು ತನ್ನ ಹೆಬ್ಬೆರಳನ್ನು ಎತ್ತಿ ತೋರಿಸಿ, ಅದನ್ನು ಹಿಂದೆ ಹಿಂದೆ ಎಂದು ಒತ್ತಿ ಹೇಳುತ್ತಿದ್ದಳು, ಹುಬ್ಬು ಗಂಟಿಕ್ಕಿ. ನೋಡಿಕೊಂಡೆ. ನನ್ನ ಹೆಬ್ಬೆರಳು ಸರಳಿನ ಮೇಲಕ್ಕೆ ಹತ್ತಿ ಕೂತಿತ್ತು. ಅದನ್ನು ಇಳಿಸಿ ಹಿಂದಕ್ಕೆ ಇಟ್ಟೆ.

ಆಗ ಅವಳು ಹೂಂ ಎಂದು ತಲೆದೂಗಿದಳು, ಆಟೋದವನಿಗೆ ಹೊರಡು ಎಂದು ಸನ್ನೆ ಮಾಡಿದಳು.